ಮನೆಯ ಗಣಕಯಂತ್ರಕ್ಕೆ ಹೊಂದುವ ಮೆಮೊರಿಯ ಆಯ್ಕೆ

ಚೆನ್ನೈ ನಗರದ ಅಣ್ಣಾ ಸಾಲೈ, ಅಂದರೆ ಹಿರಿಯರ ಬಾಯಲ್ಲಿ ಇಂದಿಗೂ ಮೌಂಟ್ ರೋಡ್ ಎಂದೇ ಉಳಿದಿರುವ ಹೆದ್ದಾರಿಯಿಂದ ಚಿಂತಾದ್ರಿಪೇಟೆಯ ಕಡೆಗೆ ಹೊರಳಿದರೆ ರಿಚಿ ಸ್ಟ್ರೀಟ್ ಎಂಬ ಇಕ್ಕಟ್ಟಾದ ಬೀದಿ ಸಿಗುತ್ತದೆ. ಬೆಂಗಳೂರಿಗೆ ಎಸ್.ಪಿ. ರಸ್ತೆ, ದೆಹಲಿಗೆ ನೆಹರೂ ಪ್ಲೇಸ್ ಇರುವಂತೆ ಚೆನ್ನೈಗೆ ಈ ರಿಚಿ ಸ್ಟ್ರೀಟ್. ಅದಕ್ಕೆ ಹೊಂದಿಕೊಂಡಿರುವ ನರಸಿಂಗಪುರಂ ಬೀದಿ ಮೊದಲಾದ ಗಲ್ಲಿಗಳನ್ನೂ ಸೇರಿಸಿ ನೋಡಿದರೆ ಗಣಕಯಂತ್ರಕ್ಕೆ ಬೇಕಾದ ಬಿಡಿಭಾಗಗಳಲ್ಲಿ ಇಲ್ಲಿ ಸಿಗದಿರುವುದು ವಿರಳ. ಮನೆಯ ಕಂಪ್ಯೂಟರ್ ನಿಧಾನವಾಯಿತೆಂದು ಇಲ್ಲಿಗೆ ಬರುವ ಗ್ರಾಹಕರಲ್ಲಿ ಹಲವರು ‘4 ಜಿಬಿ ರ‍್ಯಾಮ್ ಕೊಡಿ’ ಎಂದಷ್ಟೇ ಕೇಳುತ್ತಾರೆ. ಅನುಭವಿಯಾದ ವರ್ತಕನು ಕೂಡಲೇ ಮರುಪ್ರಶ್ನೆ ಹಾಕುತ್ತಾನೆ: ‘ಬೋರ್ಡ್ ಯಾವುದು?’ ಗ್ರಾಹಕನ ಬಳಿ ಹಣವಿರುತ್ತದೆ, ಚೀಲವಿರುತ್ತದೆ. ಈ ಪ್ರಶ್ನೆಗೆ ಉತ್ತರ ಮಾತ್ರ ಇರುವುದಿಲ್ಲ. ಉತ್ತರವಿಲ್ಲದೆ ಕೊಂಡ ಮೆಮೊರಿಯು ಮನೆಗೆ ಬಂದ ಮೇಲೆ ಕೂರದೇ ಹೋಗಬಹುದು, ಕೂತರೂ ಯಂತ್ರವು ಚಾಲನೆಗೊಳ್ಳದೇ ಇರಬಹುದು.

ಯಾವ ಮೆಮೊರಿ ಹೊಂದುತ್ತದೆ ಎಂಬುದನ್ನು ಗ್ರಾಹಕನ ಇಚ್ಛೆಯಾಗಲಿ ವರ್ತಕನ ಸಲಹೆಯಾಗಲಿ ನಿರ್ಧರಿಸುವುದಿಲ್ಲ; ಮನೆಯಲ್ಲಿರುವ ಯಂತ್ರವೇ ಅದನ್ನು ಮೊದಲೇ ನಿರ್ಧರಿಸಿಟ್ಟಿರುತ್ತದೆ. ಆ ನಿರ್ಧಾರವನ್ನು ಓದಿಕೊಂಡು ಅಂಗಡಿಗೆ ಹೋಗುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಮೆಮೊರಿ ನಿಜವಾಗಿಯೂ ಬೇಕೇ?

ಗಣಕಯಂತ್ರದಲ್ಲಿ ಎರಡು ಬಗೆಯ ಸಂಗ್ರಹಗಳಿರುತ್ತವೆ. ಹಾರ್ಡ್ ಡಿಸ್ಕ್ ಎಂಬುದು ಮನೆಯ ಉಗ್ರಾಣವಿದ್ದಂತೆ. ವಿದ್ಯುತ್ತು ಹೋದರೂ ಅದರಲ್ಲಿಟ್ಟದ್ದು ಉಳಿಯುತ್ತದೆ. ರ‍್ಯಾಮ್ ಎಂದು ಕರೆಯಲಾಗುವ ಮೆಮೊರಿಯು ಒಲೆಯ ಪಕ್ಕದ ಕಟ್ಟೆಯಿದ್ದಂತೆ. ಆ ಹೊತ್ತಿನ ಅಡುಗೆಗೆ ಬೇಕಾದುದನ್ನು ಮಾತ್ರ ಅದರ ಮೇಲೆ ಹರಡಿಕೊಳ್ಳಲಾಗುತ್ತದೆ. ಕಟ್ಟೆ ಕಿರಿದಾದರೆ ಅಡುಗೆಯವರು ಪದೇ ಪದೇ ಉಗ್ರಾಣಕ್ಕೆ ಓಡಾಡಬೇಕಾಗುತ್ತದೆ. ಮೆಮೊರಿ ಸಾಲದ ಯಂತ್ರದಲ್ಲಿ ನಡೆಯುವುದೂ ಇದೇ. ಅದು ಹೆಚ್ಚುವರಿ ಮಾಹಿತಿಯನ್ನು ಡಿಸ್ಕಿನ ಮೇಲೆ ತಾತ್ಕಾಲಿಕವಾಗಿ ಇರಿಸಿ, ಬೇಕೆಂದಾಗ ಮತ್ತೆ ತರುತ್ತದೆ. ಬಳಕೆದಾರರಿಗೆ ಇದು ವಿಳಂಬವಾಗಿ ಕಾಣುತ್ತದೆ.

ಆದರೆ ಎಲ್ಲ ವಿಳಂಬಕ್ಕೂ ಮೆಮೊರಿಯೇ ಕಾರಣವಲ್ಲ. ವಿಂಡೋಸ್ ಇರುವ ಯಂತ್ರದಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ದಿನನಿತ್ಯದ ಕೆಲಸ ನಡೆಯುತ್ತಿರುವಾಗಲೇ ಅದರ ಪರ್‌ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯ ಬಳಕೆಯನ್ನು ನೋಡಬೇಕು. ಬಳಕೆಯು ಶೇಕಡ 90ರ ಆಸುಪಾಸಿನಲ್ಲಿಯೇ ನಿಂತಿದ್ದರೆ ಮೆಮೊರಿಯ ಕೊರತೆ ನಿಜ. ಮೆಮೊರಿಯು ಅರ್ಧದಷ್ಟು ಖಾಲಿಯಿದ್ದು ಡಿಸ್ಕಿನ ಬಳಕೆ ಶೇಕಡ 100ಕ್ಕೆ ಏರಿ ಕೂತಿದ್ದರೆ, ತಿರುಗುವ ಹಳೆಯ ಹಾರ್ಡ್ ಡಿಸ್ಕಿನ ಬದಲಿಗೆ ಎಸ್.ಎಸ್.ಡಿ. ಹಾಕಿಸುವುದೇ ಹಣದ ಸದುಪಯೋಗ. ಹತ್ತು ವರ್ಷ ಹಳೆಯದಾದ ಯಂತ್ರಗಳಲ್ಲಿ ಬಹುಪಾಲು ಈ ಎರಡನೆಯ ವರ್ಗಕ್ಕೆ ಸೇರುತ್ತವೆ ಎಂಬುದನ್ನು ಮೆಮೊರಿ ಮಾರುವವರು ತಾವಾಗಿ ಹೇಳುವುದು ಕಡಿಮೆ.

ಇನ್ನೊಂದು ತಪ್ಪು ನಿರೀಕ್ಷೆಯನ್ನೂ ಇಲ್ಲಿ ನಿವಾರಿಸಬೇಕು. ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಮೆಮೊರಿ ಬೇಕೆಂಬುದು ನಿಜವಾದರೂ ಅದು ಪ್ರೊಸೆಸರ್ ಮತ್ತು ಭದ್ರತಾ ಚಿಪ್‌ಗಳ ಬಗೆಗೂ ಷರತ್ತು ಹಾಕುತ್ತದೆ. ಮೆಮೊರಿ ಹೆಚ್ಚಿಸಿದ ಮಾತ್ರಕ್ಕೆ ಹಳೆಯ ಯಂತ್ರವು ಹೊಸ ವಿಂಡೋಸಿಗೆ ಅರ್ಹವಾಗುವುದಿಲ್ಲ.

ಪೀಳಿಗೆಗಳ ಭೇದ

ಈ ನಗರವು ಮದ್ರಾಸು ಎಂಬ ಹೆಸರಿನಲ್ಲಿದ್ದ 1995ರಲ್ಲಿ ವಿಂಡೋಸ್ 95 ಬಿಡುಗಡೆಯಾದಾಗ ಅದು ಕೇಳುತ್ತಿದ್ದ ಕನಿಷ್ಠ ಮೆಮೊರಿ 4 ಎಂಬಿ. ಇಂದಿನ ಕನಿಷ್ಠ ಪ್ರಮಾಣವು ಅದರ ಸಾವಿರ ಪಟ್ಟಿಗೂ ಮಿಗಿಲು. ಇಷ್ಟು ಬೆಳವಣಿಗೆಯು ಒಂದೇ ಬಗೆಯ ಪಟ್ಟಿಕೆಯಲ್ಲಿ ಸಾಧ್ಯವಾಗಲಿಲ್ಲ. ಜೆಡೆಕ್ ಎಂಬ ಅಂತರರಾಷ್ಟ್ರೀಯ ಉದ್ಯಮ ಸಂಸ್ಥೆಯು ಕಾಲಕಾಲಕ್ಕೆ ಹೊಸ ಮಾನಕಗಳನ್ನು ಪ್ರಕಟಿಸುತ್ತ ಬಂದಿದೆ: ಡಿ.ಡಿ.ಆರ್. 2000ದಲ್ಲಿ, ಡಿ.ಡಿ.ಆರ್.2 2003ರಲ್ಲಿ, ಡಿ.ಡಿ.ಆರ್.3 2007ರಲ್ಲಿ, ಡಿ.ಡಿ.ಆರ್.4 2012ರಲ್ಲಿ, ಡಿ.ಡಿ.ಆರ್.5 2020ರಲ್ಲಿ. ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲಿ ಮೊದಲನೆಯದಕ್ಕೆ 184 ಪಿನ್ನುಗಳು. ಎರಡು ಮತ್ತು ಮೂರನೆಯದಕ್ಕೆ 240. ನಾಲ್ಕು ಮತ್ತು ಐದನೆಯದಕ್ಕೆ 288. ಪ್ರತಿ ಪೀಳಿಗೆಯಲ್ಲಿಯೂ ವಿದ್ಯುತ್ ವೋಲ್ಟೇಜ್ ತಗ್ಗುತ್ತ ಬಂದಿದೆ: ಕ್ರಮವಾಗಿ 2.5, 1.8, 1.5, 1.2 ಮತ್ತು 1.1 ವೋಲ್ಟ್.

ಪಿನ್ನುಗಳ ಸಂಖ್ಯೆ ಒಂದೇ ಆದುದರಿಂದ ಡಿ.ಡಿ.ಆರ್.4 ಇರುವಲ್ಲಿ ಡಿ.ಡಿ.ಆರ್.5 ಕೂರಬಹುದೆಂದು ಭಾವಿಸಬಾರದು. ಪಟ್ಟಿಕೆಯ ಕೆಳ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಪ್ರತಿ ಪೀಳಿಗೆಯಲ್ಲಿ ಅದರ ಸ್ಥಾನವನ್ನು ಬೇಕೆಂದೇ ಬದಲಿಸಲಾಗಿದೆ. ಕಚ್ಚು ಮತ್ತು ಸ್ಲಾಟಿನ ನಡುಗೋಡೆ ಒಂದಕ್ಕೊಂದು ಎದುರಾಗದಿದ್ದರೆ ಆ ಪಟ್ಟಿಕೆ ಆ ಸ್ಲಾಟಿಗೆ ಸೇರಿದ್ದಲ್ಲ ಎಂದೇ ಅರ್ಥ. ಅಲ್ಲಿ ಬಲ ಪ್ರಯೋಗಿಸಿದರೆ ಸ್ಲಾಟು ಸೀಳುತ್ತದೆ. ಆಗ ಹೋಗುವುದು ಮೆಮೊರಿಯ ಬೆಲೆಯಲ್ಲ, ಇಡೀ ಮದರ್‌ಬೋರ್ಡಿನ ಬೆಲೆ.

ಪ್ರೊಸೆಸರ್‌ನ ಹೆಸರನ್ನು ಹೇಳಿದರೆ ಸಾಕು, ಪೀಳಿಗೆ ತಾನಾಗಿ ತಿಳಿಯುತ್ತದೆ ಎಂಬ ಅಭಿಪ್ರಾಯವೂ ಬಳಕೆಯಲ್ಲಿದೆ. ಇದು ಯಾವಾಗಲೂ ಸರಿಯಲ್ಲ. 2015ರಲ್ಲಿ ಬಂದ ಇಂಟೆಲ್ 6ನೆಯ ತಲೆಮಾರಿನ ಪ್ರೊಸೆಸರ್‌ಗಳು ಡಿ.ಡಿ.ಆರ್.4 ಮತ್ತು ಕಡಿಮೆ ವೋಲ್ಟೇಜಿನ ಡಿ.ಡಿ.ಆರ್.3 ಎರಡನ್ನೂ ಬಲ್ಲವು. 2021ರಲ್ಲಿ ಬಂದ 12ನೆಯ ತಲೆಮಾರಿನವು ಡಿ.ಡಿ.ಆರ್.4 ಮತ್ತು ಡಿ.ಡಿ.ಆರ್.5 ಎರಡನ್ನೂ ಬಲ್ಲವು. ಎರಡರಲ್ಲಿ ಯಾವುದಕ್ಕೆ ಸ್ಲಾಟು ಕೊಡಬೇಕೆಂಬುದನ್ನು ಮದರ್‌ಬೋರ್ಡ್ ತಯಾರಕರು ಆರಿಸಿಕೊಂಡರು. ಹೀಗಾಗಿ ಒಂದೇ ಪ್ರೊಸೆಸರ್ ಇರುವ ಅಕ್ಕಪಕ್ಕದ ಮನೆಗಳ ಎರಡು ಯಂತ್ರಗಳಿಗೆ ಬೇರೆ ಬೇರೆ ಮೆಮೊರಿ ಬೇಕಾಗಬಹುದು. ವರ್ತಕನು ಬೋರ್ಡಿನ ಹೆಸರನ್ನೇ ಕೇಳುವುದರ ಹಿಂದೆ ಇರುವ ಕಾರಣ ಇದು.

ಲ್ಯಾಪ್‌ಟಾಪ್‌ಗಳ ವಿಷಯ

ಲ್ಯಾಪ್‌ಟಾಪಿನಲ್ಲಿ ಬಳಸುವ ಪಟ್ಟಿಕೆಯ ಉದ್ದವು ಸುಮಾರು ಅರ್ಧದಷ್ಟು. ಒಂದರದು ಇನ್ನೊಂದಕ್ಕೆ ಹೊಂದುವುದಿಲ್ಲವೆಂಬುದು ಕಣ್ಣಿಗೇ ಕಾಣುತ್ತದೆ. ಕಣ್ಣಿಗೆ ಕಾಣದ ಭೇದವೊಂದಿದೆ. ಡಿ.ಡಿ.ಆರ್.3 ಪೀಳಿಗೆಯಲ್ಲಿ 1.5 ವೋಲ್ಟಿನ ಸಾಮಾನ್ಯ ಬಗೆ ಮತ್ತು 1.35 ವೋಲ್ಟಿನ, ಹೆಸರಿನ ಕೊನೆಗೆ ಎಲ್ ಅಕ್ಷರವುಳ್ಳ ಬಗೆ ಎಂದು ಎರಡಿವೆ. ಇವೆರಡರ ಪಿನ್ನುಗಳೂ ಕಚ್ಚೂ ಒಂದೇ. ಎಲ್ ಬಗೆಯದು ಸಾಮಾನ್ಯವಾಗಿ 1.5 ವೋಲ್ಟಿನಲ್ಲಿಯೂ ನಡೆಯುತ್ತದೆ; ಆದರೆ 2013ರ ನಂತರ ಬಂದ ಅನೇಕ ಲ್ಯಾಪ್‌ಟಾಪ್‌ಗಳು 1.35 ವೋಲ್ಟನ್ನು ಮಾತ್ರ ಕೊಡುತ್ತವೆ. ಅವುಗಳಲ್ಲಿ ಸಾಮಾನ್ಯ ಡಿ.ಡಿ.ಆರ್.3 ಹಾಕಿದರೆ ಪಟ್ಟಿಕೆಯು ಸರಿಯಾಗಿ ಕೂರುತ್ತದೆ, ಪರದೆ ಮಾತ್ರ ಬೆಳಗುವುದಿಲ್ಲ. ಸಂದೇಹವಿದ್ದಾಗ ಎಲ್ ಬಗೆಯನ್ನು ಕೊಳ್ಳುವುದೇ ಕ್ಷೇಮ.

ತಮಿಳುನಾಡು ಸರ್ಕಾರವು 2011ರಲ್ಲಿ ಆರಂಭಿಸಿದ ಯೋಜನೆಯಡಿ ವಿದ್ಯಾರ್ಥಿಗಳಿಗೆ ಉಚಿತವಾಗಿ ದೊರೆತ ಲ್ಯಾಪ್‌ಟಾಪ್‌ಗಳು ಈಗಲೂ ಹಲವು ಮನೆಗಳಲ್ಲಿವೆ. ಅಂಥ ಯಂತ್ರಗಳನ್ನು ತಂದವರು ‘ಸರ್ಕಾರಿ ಲ್ಯಾಪ್‌ಟಾಪಿಗೆ ಮೆಮೊರಿ’ ಎಂದು ಕೇಳಿದರೆ ಸಾಲದು. ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಕಂಪನಿಗಳು ಬೇರೆ ಬೇರೆ ಮಾದರಿಗಳನ್ನು ಪೂರೈಸಿದ್ದು, ಮೇಲಿನ ಮುದ್ರೆ ಒಂದೇ ಆದರೂ ಒಳಗಿನ ಬೋರ್ಡು ಒಂದೇ ಅಲ್ಲ. ಯಂತ್ರದ ತಳಭಾಗದಲ್ಲಿ ಅಂಟಿಸಿರುವ ಚೀಟಿಯ ಮಾದರಿ ಸಂಖ್ಯೆಯೇ ಪ್ರಮಾಣ.

ತೆಳುವಾದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೆ ಬೆಸುಗೆ ಹಾಕಿಯೇ ತಯಾರಿಸುವುದು ರೂಢಿಯಾಗುತ್ತಿದೆ. ವಿವರಪಟ್ಟಿಯಲ್ಲಿ ಎಲ್.ಪಿ.ಡಿ.ಡಿ.ಆರ್. ಎಂದಿದ್ದರೆ ಬಹುಮಟ್ಟಿಗೆ ಅದು ಬೆಸೆದ ಮೆಮೊರಿ. ಅದನ್ನು ಹೆಚ್ಚಿಸುವ ಪ್ರಶ್ನೆಯೇ ಇಲ್ಲ. ಆದುದರಿಂದ ಇಂಥ ಯಂತ್ರವನ್ನು ಕೊಳ್ಳುವಾಗಲೇ ಬೇಕಾದಷ್ಟು ಪ್ರಮಾಣವನ್ನು ಕೇಳಿ ಪಡೆಯಬೇಕು.

ಚಿಪ್ಪುಗಳ ಲೆಕ್ಕ

ಪೀಳಿಗೆ, ಅಳತೆ, ವೋಲ್ಟೇಜ್ ಮೂರೂ ಸರಿಯಿದ್ದು ಮೆಮೊರಿ ಒಗ್ಗದಿರುವ ಪ್ರಸಂಗಗಳುಂಟು. ಹಳೆಯ ಯಂತ್ರಗಳನ್ನು ಇಟ್ಟುಕೊಂಡವರು ಹೆಚ್ಚಾಗಿ ಮೋಸಹೋಗುವುದು ಇಲ್ಲಿಯೇ.

ಇಂಟೆಲ್ ಜಿ41 ಚಿಪ್‌ಸೆಟ್ ಇರುವ, ಡಿ.ಡಿ.ಆರ್.3 ಸ್ಲಾಟಿನ ಬೋರ್ಡನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೋರ್ 2 ಡ್ಯುಯೋ ಕಾಲದ ಮನೆಯ ಕಂಪ್ಯೂಟರ್‌ಗಳಲ್ಲಿ ಇವು ಧಾರಾಳವಾಗಿದ್ದವು. ಇದರ ಒಂದೊಂದು ಸ್ಲಾಟು 4 ಜಿಬಿವರೆಗೆ ಮೆಮೊರಿಯನ್ನು ಸ್ವೀಕರಿಸುತ್ತದೆ. ಆದರೆ ಒಂದೊಂದು ಚಿಪ್ಪಿನ ಸಾಮರ್ಥ್ಯವು 2 ಗಿಗಾಬಿಟ್, ಎಂದರೆ 256 ಎಂಬಿಯನ್ನು ಮೀರಿರಬಾರದು. 256 ಎಂಬಿಯ ಚಿಪ್ಪುಗಳಿಂದ 4 ಜಿಬಿ ಆಗಬೇಕಾದರೆ 16 ಚಿಪ್ಪುಗಳು ಬೇಕು: ಪಟ್ಟಿಕೆಯ ಒಂದು ಬದಿಗೆ 8, ಇನ್ನೊಂದು ಬದಿಗೆ 8. ಮುಂದಿನ ವರ್ಷಗಳಲ್ಲಿ 512 ಎಂಬಿಯ ಚಿಪ್ಪುಗಳು ಬಂದವು. 4 ಜಿಬಿಗೆ ಎಂಟೇ ಸಾಕಾದವು. ಪಟ್ಟಿಕೆಯ ಒಂದು ಬದಿ ಬೋಳಾಗಿ ಉಳಿಯಿತು. ಈ ಒಂದು ಬದಿಯ ಪಟ್ಟಿಕೆಯನ್ನು ಹಳೆಯ ಬೋರ್ಡಿಗೆ ಹಾಕಿದರೆ ಅದು ಗುರುತಿಸುವುದಿಲ್ಲ. ಎರಡರ ಮೇಲೂ 4 ಜಿಬಿ ಡಿ.ಡಿ.ಆರ್.3 ಎಂದೇ ಬರೆದಿರುತ್ತದೆ. ವರ್ತಕನು ಸುಳ್ಳು ಹೇಳಿರುವುದಿಲ್ಲ, ಗ್ರಾಹಕನು ತಪ್ಪು ಕೇಳಿರುವುದಿಲ್ಲ. ಯಂತ್ರ ಮಾತ್ರ ಸುಮ್ಮನಿರುತ್ತದೆ. ಇಂಥ ಬೋರ್ಡಿಗೆ ಕೊಳ್ಳುವಾಗ ಚಿಪ್ಪುಗಳನ್ನು ಎಣಿಸಿಯೇ ಕೊಳ್ಳಬೇಕು.

ಇದಕ್ಕೆ ಪ್ರತಿಯಾಗಿ, ಹೆಸರಿಲ್ಲದ ಕೆಲವು ಅಗ್ಗದ ಪಟ್ಟಿಕೆಗಳು ಎ.ಎಂ.ಡಿ. ಪ್ರೊಸೆಸರ್ ಇರುವ ಬೋರ್ಡುಗಳಲ್ಲಿ ಮಾತ್ರ ನಡೆಯುತ್ತವೆ. ಅವುಗಳ ಚಿಪ್ಪುಗಳ ಒಳರಚನೆ ಬೇರೆ. ‘ಎ.ಎಂ.ಡಿ.ಗೆ ಮಾತ್ರ’ ಎಂಬ ಒಕ್ಕಣೆಯು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವುದುಂಟು.

ಬಳಸಿದ ಸಾಮಾನುಗಳ ಮಾರುಕಟ್ಟೆಯಲ್ಲಿ ಎದುರಾಗುವ ಮತ್ತೊಂದು ಆಮಿಷವೆಂದರೆ ಸರ್ವರ್‌ಗಳಿಂದ ತೆಗೆದ ಮೆಮೊರಿ. ಇದು ಉತ್ತಮ ಗುಣಮಟ್ಟದ್ದು, ಬೆಲೆಯೂ ಕಡಿಮೆ. ಆದರೆ ಇವುಗಳಲ್ಲಿ ಹೆಚ್ಚಿನವು ರಿಜಿಸ್ಟರ್ಡ್ ಎಂಬ ವರ್ಗಕ್ಕೆ ಸೇರಿದ್ದು, ಮನೆಯ ಬೋರ್ಡುಗಳು ಇವನ್ನು ಒಪ್ಪುವುದಿಲ್ಲ. ಪಟ್ಟಿಕೆಯ ಚೀಟಿಯ ಮೇಲೆ ಪಿ.ಸಿ.3-12800 ಎಂಬಂಥ ಸಂಖ್ಯೆಯ ಜೊತೆಗಿರುವ ಅಕ್ಷರವನ್ನು ನೋಡಬೇಕು. ‘ಯು’ ಎಂದಿದ್ದರೆ ಮೇಜಿನ ಕಂಪ್ಯೂಟರಿನದು, ‘ಎಸ್’ ಎಂದಿದ್ದರೆ ಲ್ಯಾಪ್‌ಟಾಪಿನದು, ‘ಆರ್’ ಎಂದಿದ್ದರೆ ಸರ್ವರಿನದು. ಆರ್ ಇರುವುದನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಬೇಡವೆನ್ನುವುದು ಲೇಸು.

ಪ್ರಮಾಣ ಮತ್ತು ವೇಗ

ಪ್ರತಿ ಬೋರ್ಡಿಗೂ ಒಂದು ಗರಿಷ್ಠ ಮಿತಿಯಿದೆ. ಇಂಟೆಲ್ ಎಚ್61 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟುಗಳಿದ್ದು, ಒಟ್ಟು ಮಿತಿ 16 ಜಿಬಿ. ಅಂದರೆ ಒಂದು ಸ್ಲಾಟಿಗೆ 8 ಜಿಬಿ. 16 ಜಿಬಿಯ ಒಂದೇ ಪಟ್ಟಿಕೆಯನ್ನು ತಂದರೆ ಪ್ರಯೋಜನವಿಲ್ಲ. ಆಪರೇಟಿಂಗ್ ಸಿಸ್ಟಮ್ 32 ಬಿಟ್‌ನದಾಗಿದ್ದರೆ ಮನೆಬಳಕೆಯ ವಿಂಡೋಸ್ 4 ಜಿಬಿಯನ್ನು ಮೀರಿ ಬಳಸಲಾರದು. ಆ 4 ಜಿಬಿಯಲ್ಲಿಯೂ ಒಂದು ಪಾಲು ಇತರ ಸಾಧನಗಳ ವಿಳಾಸಕ್ಕೆಂದು ಕಳೆದುಹೋಗುತ್ತದೆ. ಅಂಥಲ್ಲಿ ಮೊದಲು 64 ಬಿಟ್ ಆವೃತ್ತಿಯನ್ನು ಸ್ಥಾಪಿಸಿಕೊಂಡು ಅನಂತರ ಮೆಮೊರಿ ತರುವುದು ಸರಿಯಾದ ಕ್ರಮ.

ವೇಗದ ವಿಚಾರದಲ್ಲಿ ಅಷ್ಟು ಆತಂಕ ಬೇಡ. ಡಿ.ಡಿ.ಆರ್.4-2666 ಪಟ್ಟಿಕೆಯ ಪಕ್ಕದಲ್ಲಿ ಡಿ.ಡಿ.ಆರ್.4-3200 ಹಾಕಿದರೆ ಎರಡೂ ಸಾಮಾನ್ಯವಾಗಿ ಕಡಿಮೆ ವೇಗಕ್ಕೆ ಇಳಿದು ಕೆಲಸ ಮಾಡುತ್ತವೆ. ಬೋರ್ಡು ಅನುಮತಿಸುವುದಕ್ಕಿಂತ ಹೆಚ್ಚಿನ ವೇಗಕ್ಕೆ ಹಣ ತೆರುವುದು ವ್ಯರ್ಥ, ಅಷ್ಟೆ. ಒಂದೇ ವೇಗವನ್ನು ಎರಡು ಬಗೆಯಲ್ಲಿ ಬರೆಯುವುದರಿಂದ ಗೊಂದಲವಾಗುತ್ತದೆ. ಡಿ.ಡಿ.ಆರ್.3-1600 ಮತ್ತು ಪಿ.ಸಿ.3-12800 ಒಂದೇ ವಸ್ತು. 1600ನ್ನು 8ರಿಂದ ಗುಣಿಸಿದರೆ 12800 ಬರುತ್ತದೆ. 3200ರದು 25600 ಆಗುತ್ತದೆ.

ವೇಗಕ್ಕಿಂತ ಜೋಡಿಯ ಪ್ರಯೋಜನ ದೊಡ್ಡದು. ಬಹುತೇಕ ಬೋರ್ಡುಗಳು ಎರಡು ಪಟ್ಟಿಕೆಗಳನ್ನು ಎರಡು ಮಾರ್ಗಗಳಲ್ಲಿ ಏಕಕಾಲಕ್ಕೆ ಓದಬಲ್ಲವು. 8 ಜಿಬಿಯ ಒಂದಕ್ಕಿಂತ 4 ಜಿಬಿಯ ಎರಡು ಮೇಲು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ. ನಾಲ್ಕು ಸ್ಲಾಟುಗಳಿದ್ದರೆ ಯಾವ ಎರಡರಲ್ಲಿ ಜೋಡಿಯನ್ನು ಕೂರಿಸಬೇಕೆಂಬುದು ಬೋರ್ಡಿನ ಕೈಪಿಡಿಯಲ್ಲಿರುತ್ತದೆ.

ಬೆಲೆಯ ಏರಿಕೆ ಮತ್ತು ಖರೀದಿ

ತಪ್ಪು ಮೆಮೊರಿ ಕೊಳ್ಳುವುದು ಹಿಂದೆ ಸಣ್ಣ ನಷ್ಟವಾಗಿತ್ತು. 2025ರ ಕೊನೆಯ ತಿಂಗಳುಗಳಿಂದ ಪರಿಸ್ಥಿತಿ ಬದಲಾಯಿತು. ಜಗತ್ತಿನ ಮೆಮೊರಿ ಚಿಪ್ಪುಗಳಲ್ಲಿ ಬಹುಭಾಗವನ್ನು ಸ್ಯಾಮ್‌ಸಂಗ್, ಎಸ್.ಕೆ. ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು ತಯಾರಿಸುತ್ತವೆ. ಕೃತಕ ಬುದ್ಧಿಮತ್ತೆಗಾಗಿ ಕಟ್ಟಲಾಗುತ್ತಿರುವ ದತ್ತಾಂಶ ಕೇಂದ್ರಗಳ ಬೇಡಿಕೆಯತ್ತ ಅವುಗಳ ಉತ್ಪಾದನೆ ತಿರುಗಿದ್ದರಿಂದ ಮನೆಬಳಕೆಯ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. 2025ರ ಡಿಸೆಂಬರ್‌ನಲ್ಲಿ ಮೈಕ್ರಾನ್ ಕಂಪನಿಯು ಗೃಹಬಳಕೆದಾರರಿಗೆಂದು ನಡೆಸುತ್ತಿದ್ದ ‘ಕ್ರೂಶಿಯಲ್’ ವಹಿವಾಟಿನಿಂದ ಹಿಂದೆ ಸರಿಯುವುದಾಗಿ ಪ್ರಕಟಿಸಿತು. ಇಂಥ ಸಮಯದಲ್ಲಿ ಬಳಸಿದ ಪಟ್ಟಿಕೆಗಳತ್ತ ಜನರು ತಿರುಗುವುದು ಸಹಜ. ಮೆಮೊರಿಯಲ್ಲಿ ಚಲಿಸುವ ಭಾಗಗಳಿಲ್ಲದ್ದರಿಂದ ಬಳಸಿದ್ದನ್ನು ಕೊಳ್ಳುವುದರಲ್ಲಿ ದೋಷವೇನೂ ಇಲ್ಲ. ಪರೀಕ್ಷಿಸಿ ಕೊಳ್ಳಬೇಕು, ಹಿಂತಿರುಗಿಸುವ ಅವಧಿಯನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.

ಮನೆಯಿಂದ ಹೊರಡುವ ಮೊದಲು ಒಂದು ಚೀಟಿಯನ್ನು ಸಿದ್ಧಪಡಿಸಿಕೊಳ್ಳುವುದು ಅತ್ಯಂತ ಉಪಯುಕ್ತ. ಅದರಲ್ಲಿ ಬೋರ್ಡಿನ ಅಥವಾ ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ, ಈಗಿರುವ ಪಟ್ಟಿಕೆಯ ಪೀಳಿಗೆ, ಪ್ರಮಾಣ ಮತ್ತು ವೇಗ, ಒಟ್ಟು ಸ್ಲಾಟುಗಳಲ್ಲಿ ಖಾಲಿ ಇರುವವು ಎಷ್ಟು ಎಂಬಿಷ್ಟು ವಿವರಗಳಿದ್ದರೆ ಸಾಕು. ವೇಗ ಮತ್ತು ಸ್ಲಾಟುಗಳ ಸಂಖ್ಯೆಯನ್ನು ಟಾಸ್ಕ್ ಮ್ಯಾನೇಜರ್ ತೋರಿಸುತ್ತದೆ; ಉಳಿದವು ಪಟ್ಟಿಕೆಯ ಚೀಟಿಯ ಮೇಲಿರುತ್ತವೆ. ಬೋರ್ಡಿನ ತಯಾರಕರು ತಾವು ಪರೀಕ್ಷಿಸಿದ ಮೆಮೊರಿಗಳ ಪಟ್ಟಿಯನ್ನು ಪ್ರಕಟಿಸಿದ್ದರೆ ಅದನ್ನೂ ನೋಡಿಕೊಳ್ಳಬಹುದು. ಹಳೆಯ ಪಟ್ಟಿಕೆಯನ್ನೇ ಬಿಚ್ಚಿ, ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ದರೆ ಇನ್ನೂ ಒಳ್ಳೆಯದು. ಚೆನ್ನೈಯಲ್ಲಿ ನೆಲೆಸಿದ ಕನ್ನಡಿಗರಲ್ಲಿ ತಮಿಳು ಸಲೀಸಾಗಿ ಬಾರದವರಿಗೂ ಆಗ ಅಡಚಣೆಯಾಗದು. ಅಂಕಿಗಳಿಗೆ ಭಾಷಾಂತರದ ಅಗತ್ಯ ಬೀಳುವುದಿಲ್ಲ.

ಜಿ.ಎಸ್.ಟಿ. ಸಂಖ್ಯೆಯುಳ್ಳ ಬಿಲ್ಲನ್ನು ಪಡೆಯಲೇಬೇಕು. ಹೆಸರಾಂತ ತಯಾರಕರು ದೀರ್ಘಾವಧಿಯ ಖಾತರಿ ನೀಡುತ್ತಾರಾದರೂ ಬಿಲ್ಲಿಲ್ಲದಿದ್ದರೆ, ಅಥವಾ ಪಟ್ಟಿಕೆಯ ಮೇಲಿನ ಚೀಟಿ ಕಿತ್ತುಹೋಗಿದ್ದರೆ ಆ ಖಾತರಿಯನ್ನು ಪಡೆಯುವುದು ಕಷ್ಟ. ದೋಷವುಳ್ಳ ವಸ್ತುವಿನ ಬಗ್ಗೆ ವರ್ತಕರು ಕಿವಿಗೊಡದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ದೂರು ನೀಡಬಹುದು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಅಡಿಯಲ್ಲಿ ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ದಾಖಲಿಸಲು ಅವಕಾಶವಿದೆ. ಬೆಂಗಳೂರಿನಲ್ಲಿ ಕೊಂಡದ್ದಕ್ಕೆ ಚೆನ್ನೈಯ ನಿವಾಸಿಯು ಬೆಂಗಳೂರಿಗೆ ಅಲೆಯಬೇಕಾಗಿಲ್ಲ.

ಜೋಡಿಸುವ ಕ್ರಮ

ಯಂತ್ರವನ್ನು ಸ್ಥಗಿತಗೊಳಿಸಿ, ಪ್ಲಗ್ಗನ್ನು ಕಿತ್ತು, ಒಂದೆರಡು ಸಾರಿ ಪವರ್ ಗುಂಡಿಯನ್ನು ಒತ್ತಿ ಒಳಗುಳಿದ ವಿದ್ಯುತ್ತನ್ನು ಹೊರಗೆಡಹಬೇಕು. ಲ್ಯಾಪ್‌ಟಾಪಾದರೆ ಬ್ಯಾಟರಿಯ ಸಂಪರ್ಕವನ್ನೂ ತಪ್ಪಿಸಬೇಕು. ದೇಹದಲ್ಲಿ ಸಂಗ್ರಹವಾದ ಸ್ಥಿರವಿದ್ಯುತ್ತು ಚಿಪ್ಪುಗಳನ್ನು ಹಾಳುಮಾಡಬಲ್ಲದು. ಕಡಲ ತೀರದ ತೇವದ ಗಾಳಿಯಲ್ಲಿ ಇದರ ಭಯ ಕಡಿಮೆಯೆನಿಸಿದರೂ ಹವಾನಿಯಂತ್ರಿತ ಕೊಠಡಿಯ ಒಣ ಗಾಳಿಯಲ್ಲಿ ಹಾಗೆನ್ನಲಾಗದು. ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ನಂತರ ಪಟ್ಟಿಕೆಯನ್ನು ಅಂಚುಗಳಲ್ಲಿ ಹಿಡಿಯಬೇಕು. ಕಚ್ಚನ್ನು ಹೊಂದಿಸಿಕೊಂಡು ಎರಡೂ ತುದಿಗಳನ್ನು ಸಮನಾಗಿ ಒತ್ತಿದರೆ ಪಕ್ಕದ ಹಿಡಿಕೆಗಳು ‘ಟಕ್’ ಎಂದು ತಾವಾಗಿ ಮುಚ್ಚಿಕೊಳ್ಳುತ್ತವೆ.

ತೇವದ ಗಾಳಿಯ ತೊಂದರೆ ಬೇರೆಯೇ ಆಗಿದೆ. ವರ್ಷಗಟ್ಟಲೆ ಬಿಚ್ಚದ ಯಂತ್ರಗಳಲ್ಲಿ ಪಿನ್ನುಗಳ ಮೇಲೆ ಕಿಲುಬಿನ ತೆಳು ಪದರ ಕಟ್ಟಿಕೊಂಡು ಸಂಪರ್ಕ ತಪ್ಪುತ್ತದೆ. ಯಂತ್ರವನ್ನು ಆರಂಭಿಸಿದಾಗ ಬೀಪ್ ಸದ್ದು ಮಾತ್ರ ಬಂದು ಪರದೆ ಕತ್ತಲೆಯಾಗಿಯೇ ಇದ್ದರೆ, ಹೊಸ ಮೆಮೊರಿ ಕೆಟ್ಟದ್ದೆಂದು ತೀರ್ಮಾನಿಸುವ ಮೊದಲು ಪಟ್ಟಿಕೆಯನ್ನು ತೆಗೆದು ಪಿನ್ನುಗಳನ್ನು ಮೆದುವಾದ ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಒರೆಸಿ, ಮತ್ತೆ ಕೂರಿಸಿ ನೋಡಬೇಕು. ರಿಪೇರಿಯವರು ಮಾಡುವ ಮೊದಲ ಕೆಲಸವೂ ಅದೇ. ಹಳೆಯದು ಮತ್ತು ಹೊಸದನ್ನು ಒಂದೊಂದಾಗಿ ಬೇರೆ ಬೇರೆ ಸ್ಲಾಟುಗಳಲ್ಲಿಟ್ಟು ನೋಡಿದರೆ ದೋಷ ಪಟ್ಟಿಕೆಯದೋ ಸ್ಲಾಟಿನದೋ ಎಂಬುದು ತಿಳಿಯುತ್ತದೆ. ಯಂತ್ರ ಚಾಲನೆಗೊಂಡ ಮೇಲೆ ವಿಂಡೋಸಿನಲ್ಲಿಯೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಎಂಬ ಪರೀಕ್ಷೆಯನ್ನು ಒಮ್ಮೆ ನಡೆಸಬೇಕು. ಒಂದೇ ಒಂದು ದೋಷ ಕಂಡುಬಂದರೂ ಹಿಂತಿರುಗಿಸುವ ಅವಧಿ ಮುಗಿಯುವುದರೊಳಗೆ ಪಟ್ಟಿಕೆಯನ್ನು ಅಂಗಡಿಗೆ ಒಯ್ಯಬೇಕು. ಅರೆಬರೆ ಕೆಟ್ಟ ಮೆಮೊರಿಯು ಕಡತಗಳನ್ನು ಸದ್ದಿಲ್ಲದೆ ಕೆಡಿಸುತ್ತದೆ.

ಬದಲಾಯಿಸಿದ ಹಳೆಯ ಪಟ್ಟಿಕೆಯನ್ನು ಕಸದ ಬುಟ್ಟಿಗೆ ಹಾಕತಕ್ಕದ್ದಲ್ಲ, ಅದು ಇ-ತ್ಯಾಜ್ಯ. ಕೆಲಸ ಮಾಡುತ್ತಿದ್ದರೆ ಬಳಸಿದ ಸಾಮಾನು ಕೊಳ್ಳುವ ಅಂಗಡಿಗಳಲ್ಲಿ ಅದಕ್ಕೆ ಬೆಲೆಯುಂಟು. ಹಾರ್ಡ್ ಡಿಸ್ಕನ್ನು ಮಾರುವಾಗ ಖಾಸಗಿ ಮಾಹಿತಿಯನ್ನು ಅಳಿಸಬೇಕಾದ ಎಚ್ಚರಿಕೆ ಇಲ್ಲಿ ಬೇಕಿಲ್ಲ. ಯಂತ್ರದಿಂದ ಹೊರತೆಗೆದು ಅಂಗಡಿಗೆ ಒಯ್ಯುವಷ್ಟರಲ್ಲಿ ಅದರಲ್ಲಿದ್ದ ಮಾಹಿತಿಯೆಲ್ಲ ಅಳಿದುಹೋಗಿರುತ್ತದೆ.